ಪಂಪಿನ ಮೋಟಾರು ಮತ್ತು ಅದರ ಕಾವಲು



ಶಿವರಾತ್ರಿ ಕಳೆದು ಹದಿನೈದು ದಿನವಾಗಿರಬಹುದು, ಅಮಾಸೆಬೈಲಿನ ಒಂದು ಮನೆಗೆ ಹೋಗಿದ್ದೆ. ಹೋದದ್ದು ಅಡಿಕೆಯ ನಳ್ಳಿ ಉದುರುವ ವಿಚಾರಕ್ಕೆ. ಆದರೆ ತೋಟದೊಳಗೆ ಕಾಲಿಟ್ಟಾಗ ಕಂಡದ್ದು ಬೇರೆ. ಮರದ ಬುಡವೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಎರಡು ವರ್ಷದ ಸಸಿಗಳ ಸೋಗೆ ತುದಿಯಿಂದ ಒಣಗುತ್ತ ಬಂದಿತ್ತು. ಬಾವಿಯಲ್ಲಿ ನೀರಿಗೇನೂ ಕೊರತೆಯಿಲ್ಲ. ಐದು ಅಶ್ವಶಕ್ತಿಯ ಮೋಟಾರು ಸುಟ್ಟುಹೋಗಿ ಆರು ದಿನವಾಗಿತ್ತು. ಅದು ಕುಂದಾಪುರದಲ್ಲಿ ವೈಂಡಿಂಗ್ ಕಟ್ಟುವ ಅಂಗಡಿಯಲ್ಲಿ ಸರದಿ ಕಾಯುತ್ತಿತ್ತು. ಪಂಪು ಶೆಡ್ಡಿನ ಗೋಡೆಯಲ್ಲಿ ಸ್ಟಾರ್ಟರಿನ ಪೆಟ್ಟಿಗೆ ಮಾತ್ರ ಉಳಿದಿತ್ತು.

ಮೇನ್ ಸ್ವಿಚ್ಚು ತೆಗೆದು ಆ ಪೆಟ್ಟಿಗೆಯ ಬಾಗಿಲು ತೆರೆದೆ. ಒಳಗೆ ಕಾಂಟ್ಯಾಕ್ಟರು ಮೇಲೆದ್ದು ಬಾರದ ಹಾಗೆ ಅಡಿಕೆ ಮರದ ಒಂದು ಚಕ್ಕೆಯನ್ನು ಬಿಗಿಯಾಗಿ ಸಿಕ್ಕಿಸಿಟ್ಟಿದ್ದರು.

"ಇದೆಂತ?" ಎಂದು ಕೇಳಿದೆ.

"ಅದ್ ಸುಮ್ಸುಮ್ನೆ ಬೀಳ್ತಿತ್ತ್ ಮರಾಯ್ರೆ. ತೋಟದ ಆ ತುದಿಯಿಂದ ಹತ್ತ್ ಸಲ ಬಂದ್ ಒತ್ಕಾ? ಅದ್ಕೆ ಒಂದ್ ಚಕ್ಕೆ ಸಿಕ್ಸಿ ಇಟ್ಟದ್," ಅಂದರು ಯಜಮಾನರು.

ಹಿಂದೆ ನಿಂತಿದ್ದ ಅವರ ತಾಯಿ, "ಮೋಟ್ರಿನ್ ಸದ್ದ್ ಮೂರ್ ದಿನದಿಂದ ಬೇರೆ ಆಯ್ತಿತ್ತ್. ನಾನ್ ಹೇಳ್ದೆ, ಯಾರೂ ಕೇಣ್ಲಿಲ್ಲೆ," ಅಂದರು.

ಆ ಅಜ್ಜಿ ಹೇಳಿದ್ದು ಸರಿ. ಯಜಮಾನರು ಹೇಳಿದ್ದರಲ್ಲಿ ಒಂದು ತಪ್ಪಿತ್ತು. ಸ್ಟಾರ್ಟರು ಸುಮ್ಮಸುಮ್ಮನೆ ಬೀಳುವುದಿಲ್ಲ. ಅದು ಯಾಕೆ ಬೀಳುತ್ತದೆ, ಬಿದ್ದಾಗ ಏನು ನೋಡಬೇಕು ಎಂಬುದನ್ನು ಈ ದಿನ ನಿಮಗೆ ವಿವರಿಸಬೇಕೆಂದಿದ್ದೇನೆ. ಅದಕ್ಕೆ ಮೊದಲು ಮೋಟಾರು ತಿರುಗುವುದು ಹೇಗೆ ಎಂಬುದು ಸ್ವಲ್ಪ ತಿಳಿದಿರಬೇಕು.

ಅಮಾಸೆಬೈಲಿನವರಿಗೆ ಹೊಸಂಗಡಿ ದೂರದ ಊರಲ್ಲ. ಅಲ್ಲಿ ನೆಲದೊಳಗೆ ವಾರಾಹಿ ವಿದ್ಯುದಾಗಾರ ಇದೆ. ಹೊಸನಗರ ತಾಲೂಕಿನ ಮಾಣಿ ಅಣೆಕಟ್ಟಿನಲ್ಲಿ ಕಟ್ಟಿನಿಲ್ಲಿಸಿದ ನೀರು ಘಟ್ಟದಿಂದ ಕೆಳಗೆ ಧುಮುಕಿ ಒಂದೊಂದೂ ೧೧೫ ಮೆಗಾವಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಮೊದಲನೆಯದು ೧೯೮೯ರಲ್ಲಿ ತಿರುಗತೊಡಗಿತು. ಅಲ್ಲಿ ಬೀಳುವ ನೀರು ಚಕ್ರ ತಿರುಗಿಸಿ ವಿದ್ಯುತ್ತು ಕೊಡುತ್ತದೆ; ನಿಮ್ಮ ಬಾವಿಯ ಬದಿಯಲ್ಲಿ ವಿದ್ಯುತ್ತು ಚಕ್ರ ತಿರುಗಿಸಿ ನೀರನ್ನು ಮೇಲಕ್ಕೆ ಹತ್ತಿಸುತ್ತದೆ. ಒಂದೇ ಕೆಲಸ, ತಿರುವುಮುರುವು.

ಮೋಟಾರಿನ ಹೊಟ್ಟೆಯಲ್ಲಿ ಎರಡು ಭಾಗ. ಸುತ್ತಲೂ ಕದಲದೆ ಇರುವುದು ಸ್ಟೇಟರು, ಅದರ ಗಾಡಿಗಳಲ್ಲಿ ತಾಮ್ರದ ತಂತಿಯ ಸುರುಳಿ. ನಡುವೆ ತಿರುಗುವುದು ರೋಟರು. ರೋಟರಿಗೆ ಹೊರಗಿನಿಂದ ಯಾವ ತಂತಿಯೂ ಬರುವುದಿಲ್ಲ. ಹಾಗಾದರೆ ಅದನ್ನು ತಿರುಗಿಸುವವರು ಯಾರು? ಒಂದು ಒರಳಿಗೆ ಮೂವರು ಹೆಂಗಸರು ಸುತ್ತ ನಿಂತು ಅವಲಕ್ಕಿ ಕುಟ್ಟುವುದನ್ನು ನೆನಪಿಗೆ ತಂದುಕೊಳ್ಳಿರಿ. ಒಬ್ಬಳ ಒನಕೆ ಬಿದ್ದ ಮೇಲೆ ಮತ್ತೊಬ್ಬಳದು, ಆಮೇಲೆ ಮೂರನೆಯವಳದು, ಪುನಃ ಮೊದಲನೆಯವಳದು. ಪೆಟ್ಟು ಒರಳಿನ ಸುತ್ತ ಸುತ್ತುತ್ತಲೇ ಇರುತ್ತದೆ. ಮೂರು ಫೇಸಿನ ವಿದ್ಯುತ್ತೂ ಹೀಗೆಯೇ ಒಂದರ ಹಿಂದೆ ಒಂದು ಸುರುಳಿಗಳಲ್ಲಿ ಏರಿ ಇಳಿಯುತ್ತದೆ. ಅದರಿಂದ ಹುಟ್ಟುವ ಅಯಸ್ಕಾಂತದ ಎಳೆತ ಸ್ಟೇಟರಿನೊಳಗೆ ಗಿರಗಿರನೆ ಸುತ್ತುತ್ತದೆ, ರೋಟರು ಅದರ ಬೆನ್ನು ಹತ್ತಿ ಓಡುತ್ತದೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಈ ಎಳೆತ ಎರಡು ಧ್ರುವದ ಮೋಟಾರಿನಲ್ಲಿ ನಿಮಿಷಕ್ಕೆ ೩೦೦೦ ಸುತ್ತು ಸುತ್ತುತ್ತದೆ. ರೋಟರು ಯಾವಾಗಲೂ ಸ್ವಲ್ಪ ಹಿಂದೆ, ಸುಮಾರು ೨೮೮೦. ನಾಲ್ಕು ಧ್ರುವದ್ದಾದರೆ ೧೫೦೦ಕ್ಕೆ ಸುಮಾರು ೧೪೪೦. ಮೋಟಾರಿನ ತಗಡಿನ ಮೇಲೆ ಈ ಅಂಕಿ ಅಚ್ಚಾಗಿರುತ್ತದೆ, ನೋಡಿರಿ.

ತಿರುಗುವ ಈ ಎಳೆತವನ್ನು ೧೮೮೮ರಲ್ಲಿ ಇಟಲಿಯ ಫೆರಾರಿಸ್ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಟೆಸ್ಲಾ ಹಕ್ಕುಪತ್ರ ಪಡೆದರು. ಹದಿನಾಲ್ಕು ವರ್ಷ ಕಳೆಯುವುದರೊಳಗೆ, ೧೯೦೨ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಗಣಿಗೆ ಬಂದದ್ದು ತೋಟಕ್ಕೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಏತ ಹೊಡೆದ ಕೈಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ.

ಈಗ ಒರಳಿನ ಬಳಿಗೆ ಮರಳೋಣ. ಮೂವರಲ್ಲಿ ಒಬ್ಬಳು ಒನಕೆ ಇಟ್ಟು ಎದ್ದು ಹೋದಳೆನ್ನಿ. ಕುಟ್ಟುವ ಅವಲಕ್ಕಿ ಅಷ್ಟೇ ಇದೆ. ಉಳಿದಿಬ್ಬರಿಗೆ ಕೈ ಸೋಲುತ್ತದೆ. ಮೋಟಾರಿಗೂ ಇದೇ ಗತಿ. ಕಂಬದಲ್ಲಿ ಒಂದು ತಂತಿ ಸಡಿಲಾದರೂ, ಒಂದು ಫ್ಯೂಸು ಹೋದರೂ, ಓಡುತ್ತಿರುವ ಮೋಟಾರು ನಿಲ್ಲುವುದಿಲ್ಲ. ಎರಡೇ ಫೇಸಿನಲ್ಲಿ ನರಳುತ್ತ ಓಡುತ್ತದೆ. ಐದು ಅಶ್ವಶಕ್ತಿಯ ಮೋಟಾರು ಪೂರ್ತಿ ಹೊರೆಯಲ್ಲಿ ಸುಮಾರು ಏಳೂವರೆ ಆಂಪಿಯರ್ ಎಳೆಯಬೇಕು. ಎರಡು ಫೇಸಿನಲ್ಲಿ ಅದೇ ಹೊರೆ ಹೊತ್ತರೆ ಹದಿಮೂರರ ಹತ್ತಿರ ಎಳೆಯುತ್ತದೆ. ತಂತಿಯ ಬಿಸಿ ಆಂಪಿಯರಿನ ವರ್ಗದಂತೆ ಏರುತ್ತದೆ. ಅಂದರೆ ಬಿಸಿ ಸುಮಾರು ಮೂರು ಪಟ್ಟು! ತಾಮ್ರದ ಮೇಲಿನ ಅರಗಿನ ಲೇಪ ಕರಗಿ, ಸುರುಳಿಗೆ ಸುರುಳಿ ತಾಗಿ, ವಾಸನೆ ಬರುವಾಗ ಎಲ್ಲ ಮುಗಿದಿರುತ್ತದೆ. ನಿಂತಿದ್ದ ಮೋಟಾರಿಗೆ ಎರಡೇ ಫೇಸು ಸಿಕ್ಕಿದರೆ ಇನ್ನೂ ಕಷ್ಟ. ಅದು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಐದಾರು ಪಟ್ಟು ಆಂಪಿಯರ್ ನುಂಗುತ್ತದೆ. ಹಾಗೆ ಗುಂಯ್ ಅಂದ ಕೂಡಲೇ ಸ್ವಿಚ್ಚು ತೆಗೆಯಿರಿ. ನಾಳೆ ನೋಡೋಣ ಅನ್ನುವ ಮಾತಲ್ಲ ಇದು, ನಿಮಿಷದ ಲೆಕ್ಕ.

ಅಜ್ಜಿಯ ಕಿವಿಗೆ ಬಿದ್ದ ಬೇರೆ ಸದ್ದು ಇದೇ. ಆ ಮನೆಯ ಫ್ಯೂಸುಗಳನ್ನು ಒಂದೊಂದಾಗಿ ಎಳೆದು ನೋಡಿದಾಗ ನಡುವಿನದರ ಹಿಡಿ ಸಡಿಲಾಗಿ, ತಾಮ್ರದ ನಾಲಿಗೆ ಕರಕಲಾಗಿತ್ತು. ಒಮ್ಮೆ ತಾಗುವುದು, ಒಮ್ಮೆ ಬಿಡುವುದು. ಅದು ಬಿಟ್ಟಾಗಲೆಲ್ಲ ಸ್ಟಾರ್ಟರು ಮೋಟಾರನ್ನು ಕಾಪಾಡಲು ಬೀಳುತ್ತಿತ್ತು. ಮರದ ಚಕ್ಕೆ ಸಿಕ್ಕಿಸಿದ ಮೇಲೆ ಬೀಳಲು ಆಗಲಿಲ್ಲ. ಫ್ಯೂಸಿನ ಹಿಡಿಯನ್ನು ಸರಿ ಮಾಡುವ ಖರ್ಚು ಒಂದು ಎಳನೀರಿನ ಬೆಲೆಗಿಂತ ಹೆಚ್ಚಿರಲಿಕ್ಕಿಲ್ಲ.

ಸ್ಟಾರ್ಟರಿನೊಳಗೆ ಏನೇನಿದೆ ಎಂದು ಹೇಳುತ್ತೇನೆ. ಹಸಿರು ಗುಂಡಿ ಒತ್ತಿದಾಗ ಒಂದು ಸಣ್ಣ ಸುರುಳಿಗೆ ವಿದ್ಯುತ್ತು ಹೋಗಿ ಅದು ಅಯಸ್ಕಾಂತವಾಗುತ್ತದೆ, ಕಾಂಟ್ಯಾಕ್ಟರನ್ನು ಎಳೆದು ಹಿಡಿಯುತ್ತದೆ. ಮೂರು ಫೇಸೂ ಒಟ್ಟಿಗೆ ಕೂಡುತ್ತವೆ. ಕರೆಂಟು ಹೋದರೆ ಅಯಸ್ಕಾಂತ ಹೋಯಿತು, ಕಾಂಟ್ಯಾಕ್ಟರು ಬಿಟ್ಟಿತು. ಕರೆಂಟು ಮರಳಿ ಬಂದರೂ ನೀವು ಹೋಗಿ ಗುಂಡಿ ಒತ್ತುವವರೆಗೆ ಮೋಟಾರು ತಿರುಗದು. ಇದು ಮೊದಲನೆಯ ಕಾವಲು. ಬಹಳ ಜನ ಇದನ್ನು ತೊಂದರೆ ಎಂದು ತಿಳಿದಿದ್ದಾರೆ. ಮೂರು ಫೇಸು ರಾತ್ರಿ ಯಾವ ಹೊತ್ತಿಗೋ ಬರುತ್ತದೆ, ಎದ್ದು ಹೋಗುವವರು ಯಾರು ಎಂದು ತಾನಾಗಿ ಓಡುವ ಹಾಗೆ ಕಟ್ಟಿಸಿಕೊಳ್ಳುತ್ತಾರೆ. ನಿದ್ರೆಯ ಕಷ್ಟ ನನಗೂ ಗೊತ್ತು. ಆದರೆ ಸ್ವಲ್ಪ ಯೋಚಿಸಿರಿ: ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೆಂದು ಒಬ್ಬರು ಬಾವಿಗೆ ಇಳಿದಿರುತ್ತಾರೆ, ಇನ್ನೊಬ್ಬರು ಕಪ್ಲಿಂಗಿಗೆ ಕೈ ಹಾಕಿರುತ್ತಾರೆ. ಕರೆಂಟಿಲ್ಲವಲ್ಲ ಎಂಬ ಧೈರ್ಯ. ಆಗ ಕರೆಂಟು ಬಂದರೆ? ತಾನಾಗಿ ಓಡುವ ಸ್ಟಾರ್ಟರು ಇದ್ದವರು ಬಾವಿಗೆ ಇಳಿಯುವ ಮೊದಲು ಮೇನ್ ಸ್ವಿಚ್ಚು ತೆಗೆದು, ಫ್ಯೂಸುಗಳನ್ನು ಕಿತ್ತು ಕಿಸೆಯಲ್ಲಿ ಹಾಕಿಕೊಂಡೇ ಇಳಿಯಬೇಕು. ಕಿಸೆಯಲ್ಲಿ ಎಂದದ್ದು ತಮಾಷೆಗಲ್ಲ. ಕಟ್ಟೆಯ ಮೇಲಿಟ್ಟರೆ ಮನೆಯ ಹುಡುಗ ತಂದು ಹಾಕಿಯಾನು.

ಎರಡನೆಯ ಕಾವಲು ಓವರ್‌ಲೋಡ್ ರಿಲೇ. ಅದರಲ್ಲಿ ಎರಡು ಲೋಹ ಬೆಸೆದ ಪಟ್ಟಿಗಳಿವೆ. ಮೋಟಾರಿಗೆ ಹೋಗುವ ವಿದ್ಯುತ್ತು ಹೆಚ್ಚಾದರೆ ಪಟ್ಟಿ ಬಿಸಿಯಾಗಿ ಬಾಗಿ ಕಾಂಟ್ಯಾಕ್ಟರನ್ನು ಬಿಡಿಸುತ್ತದೆ. ಅದರ ಮೇಲೆ ತಿರುಗಿಸುವ ಒಂದು ಸಣ್ಣ ಮುಳ್ಳು, ಸುತ್ತ ಆಂಪಿಯರಿನ ಅಂಕಿ ಇರುತ್ತದೆ. ಮೋಟಾರಿನ ತಗಡಿನಲ್ಲಿ ಬರೆದ ಆಂಪಿಯರಿಗೆ ಮುಳ್ಳು ನಿಲ್ಲಬೇಕು. ಪದೇ ಪದೇ ಬೀಳುತ್ತದೆಂದು ಮುಳ್ಳನ್ನು ಕೊನೆಯ ಅಂಕಿಗೆ ತಿರುಗಿಸಿದರೆ ಚಕ್ಕೆ ಸಿಕ್ಕಿಸಿದಷ್ಟೇ ಆಯಿತು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ತಿಳಿದ ಕೆಲಸಗಾರರೂ ತಪ್ಪುತ್ತಾರೆ. ದೊಡ್ಡ ಮೋಟಾರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರು ಹಾಕುತ್ತಾರಲ್ಲ, ಹೊರಡುವಾಗಿನ ಎಳೆತ ಮೂರರಲ್ಲಿ ಒಂದು ಪಾಲಾಗಲೆಂದು. ಅದರಲ್ಲಿ ಸಾಮಾನ್ಯವಾಗಿ ರಿಲೇ ಕೂರುವುದು ಸುರುಳಿಯ ದಾರಿಯಲ್ಲಿ. ಅಲ್ಲಿ ಹರಿಯುವುದು ತಗಡಿನ ಆಂಪಿಯರಿನ ನೂರಕ್ಕೆ ೫೮ ಪಾಲು ಮಾತ್ರ. ಹತ್ತು ಅಶ್ವಶಕ್ತಿಯ ಮೋಟಾರಿನ ತಗಡಿನಲ್ಲಿ ೧೪ ಎಂದಿದ್ದರೆ ರಿಲೇಯ ಮುಳ್ಳು ೮ರಲ್ಲಿರಬೇಕು. ೧೪ಕ್ಕೆ ಇಟ್ಟರೆ ರಿಲೇ ಇದ್ದೂ ಇಲ್ಲದ ಹಾಗೆ. ನಿಮ್ಮ ಎಲೆಕ್ಟ್ರಿಶಿಯನ್ನರು ಬಂದಾಗ ಇದೊಂದನ್ನು ಕೇಳಿರಿ.

ಮೂರನೆಯದು ಸಿಂಗಲ್ ಫೇಸ್ ಪ್ರಿವೆಂಟರು. ಒಂದು ಫೇಸು ತಪ್ಪಿದ ಕೂಡಲೇ, ಪಟ್ಟಿ ಬಿಸಿಯಾಗುವ ತನಕ ಕಾಯದೆ, ಇದು ಮೋಟಾರನ್ನು ನಿಲ್ಲಿಸುತ್ತದೆ. ಫೇಸು ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುವುದನ್ನೂ ಹೆಚ್ಚಿನವು ತಡೆಯುತ್ತವೆ. ಇದರ ಬೆಲೆ ಮೋಟಾರನ್ನು ಒಮ್ಮೆ ಕಟ್ಟಿಸುವ ಖರ್ಚಿಗಿಂತ ಕಡಿಮೆ. ಕೆರೆಯ, ಬಾವಿಯ ನೀರು ಫಾಲ್ಗುಣ ಚೈತ್ರದಲ್ಲಿ ತಳ ಕಾಣುವ ಕಡೆ, ನೀರು ಮುಗಿದರೆ ನಿಲ್ಲಿಸುವ ಸಾಧನವನ್ನೂ ಜೊತೆಗೆ ಹಾಕಿಸಬಹುದು. ಯಾಕೆಂದರೆ ನೀರಿಲ್ಲದೆ ಬರಿದೇ ತಿರುಗುವ ಪಂಪು ಕಡಿಮೆ ಆಂಪಿಯರ್ ಎಳೆಯುತ್ತದೆ. ಓವರ್‌ಲೋಡ್ ರಿಲೇಗೆ ಅದು ಗೊತ್ತೇ ಆಗುವುದಿಲ್ಲ, ಪಂಪಿನ ಸೀಲು ಮಾತ್ರ ಸುಟ್ಟುಹೋಗುತ್ತದೆ.

ಹಾಗಾದರೆ ಸ್ಟಾರ್ಟರು ಬಿದ್ದಾಗ ಮಾಡಬೇಕಾದದ್ದೇನು? ಐದು ನಿಮಿಷ ಆರಲು ಬಿಟ್ಟು ಒಮ್ಮೆ ಒತ್ತಿ ನೋಡಿರಿ. ಮತ್ತೆ ಬಿದ್ದರೆ ಮೂರನೆಯ ಸಲ ಒತ್ತಬೇಡಿರಿ. ಮೇನ್ ತೆಗೆದು ಮೋಟಾರಿನ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿರಿ, ಸಲೀಸಾಗಿ ತಿರುಗಬೇಕು. ಬಿಗಿಯಿದ್ದರೆ ಬೇರಿಂಗೋ ಪಂಪೋ ಹಿಡಿದಿದೆ. ಸಲೀಸಾಗಿದ್ದರೆ ಫ್ಯೂಸು ನೋಡಿರಿ. ಅದೂ ಸರಿಯಿದ್ದರೆ ತೊಂದರೆ ಲೈನಿನಲ್ಲಿರಬಹುದು, ಮೆಸ್ಕಾಂನ ೧೯೧೨ಕ್ಕೆ ಕರೆ ಮಾಡಿರಿ. ಕಂಬ, ಟ್ರಾನ್ಸ್‌ಫಾರ್ಮರಿನ ಫ್ಯೂಸು ಲೈನ್‌ಮನ್ನರ ಕೆಲಸ. ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿ ಅದನ್ನು ಮುಟ್ಟುವ ಸಾಹಸ ಬೇಡವೇ ಬೇಡ.

ಘಟ್ಟದ ಬುಡದ ನಮ್ಮ ತೋಟಗಳಿಗೆ ಇನ್ನೊಂದು ಕಷ್ಟವಿದೆ. ಮೀಟರು ಮನೆಯ ಹತ್ತಿರ, ಬಾವಿಯೋ ಹೊಳೆಯೋ ಇನ್ನೂರು ಮೀಟರ್ ಕೆಳಗೆ. ಅಲ್ಲಿಗೆ ತೆಳು ಕೇಬಲ್ ಎಳೆದಿರುತ್ತಾರೆ. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಿನಲ್ಲಿ ಇನ್ನೂರು ಮೀಟರ್ ದಾಟುವಾಗ ಐದು ಅಶ್ವಶಕ್ತಿಯ ಮೋಟಾರಿಗೆ ಸುಮಾರು ೨೫ ವೋಲ್ಟು ದಾರಿಯಲ್ಲೇ ಖರ್ಚಾಗುತ್ತದೆ. ನಾಲ್ಕು ಚದರ ಮಿಲಿಮೀಟರಿನದಾದರೆ ಹತ್ತು. ೪೧೫ ಇರಬೇಕಾದ ವೋಲ್ಟು ೩೫೦ಕ್ಕೆ ಇಳಿದರೆ ಮೋಟಾರಿನ ತಿರುಗಿಸುವ ಬಲ ನೂರರಲ್ಲಿ ಎಪ್ಪತ್ತಕ್ಕೆ ಇಳಿಯುತ್ತದೆ. ಬಲ ಇಳಿದಷ್ಟೂ ಅದು ಆಂಪಿಯರ್ ಹೆಚ್ಚಿಗೆ ಎಳೆಯುತ್ತದೆ, ಬಿಸಿಯಾಗುತ್ತದೆ. ಇನ್ನು, ಮೂರು ಫೇಸು ಇಲ್ಲದ ಹೊತ್ತಿನಲ್ಲಿ ಕನ್ವರ್ಟರು ಎಂಬ ಕೆಪಾಸಿಟರಿನ ಪೆಟ್ಟಿಗೆ ಕಟ್ಟಿ ಮೂರು ಫೇಸಿನ ಮೋಟಾರನ್ನು ಓಡಿಸುವವರಿದ್ದಾರೆ. ಮೋಟಾರು ಓಡುತ್ತದೆ, ಹೌದು. ಆದರೆ ಮೂರು ಸುರುಳಿಗೂ ಸಮನಾದ ಪಾಲು ಸಿಗುವುದಿಲ್ಲ, ಮೋಟಾರಿನ ಆಯುಸ್ಸು ಇಳಿಯುತ್ತ ಹೋಗುತ್ತದೆ. ಅದೇ ಲೈನಿನ ನೆರೆಮನೆಯವರ ವೋಲ್ಟೂ ಇಳಿಯುತ್ತದೆ. ಇದು ನನಗೆ ಸರಿಕಾಣದ ಪದ್ಧತಿ.

ಮೋಟಾರು ದೊಡ್ಡದಿದ್ದರೆ ಒಳ್ಳೆಯದೆಂಬ ನಂಬಿಕೆಯೂ ಇದೆ. ರಾಜ್ಯದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ರೈತ ಕರೆಂಟಿನ ಬಿಲ್ಲು ಕೊಡಬೇಕಾಗಿಲ್ಲ, ಹಾಗಾಗಿ ಲೆಕ್ಕ ಹಾಕುವವರು ಕಡಿಮೆ. ಒಂದು ಲೆಕ್ಕ ನೋಡಿರಿ. ಒಂಬತ್ತು ಅಡಿಗೆ ಒಂದರಂತೆ ಎಕರೆಗೆ ಸುಮಾರು ೫೫೦ ಅಡಿಕೆ ಮರ. ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ ೨೦ ಲೀಟರ್ ಎಂದರೆ ೧೧,೦೦೦ ಲೀಟರ್. ಸೆಕೆಂಡಿಗೆ ೩ ಲೀಟರಿನಂತೆ ಒಂದು ಗಂಟೆಯ ಕೆಲಸ. ಏರು, ಪೈಪಿನ ಒತ್ತಡ ಎಲ್ಲ ಸೇರಿ ೨೫ ಮೀಟರ್ ಎಂದಿಟ್ಟರೆ, ೩ನ್ನು ೨೫ರಿಂದ ಗುಣಿಸಿ ೭೫ರಿಂದ ಭಾಗಿಸಿದರೆ ಒಂದು ಅಶ್ವಶಕ್ತಿ. ಪಂಪಿನಲ್ಲಿ ಅರ್ಧ ನಷ್ಟ ಹಿಡಿದರೂ ಎರಡು ಸಾಕು. ಗುಡ್ಡದ ಒರತೆಯ ನೀರು ತಾನಾಗಿ ಇಳಿದುಬರುವ ತೋಟದವರಿಗೆ ಇದೂ ಬೇಡ, ಅವರು ಪುಣ್ಯವಂತರು.

ಮನೆಯಂಗಳದ ಸಣ್ಣ ಮೋಟಾರುಗಳ ವಿಚಾರ ಬೇಗ ಮುಗಿಸುತ್ತೇನೆ. ಒಂದೇ ಫೇಸಿನ ಮೋಟಾರಿಗೆ ಸುತ್ತುವ ಎಳೆತ ತಾನಾಗಿ ಹುಟ್ಟುವುದಿಲ್ಲ, ಅದಕ್ಕೆ ಬೆನ್ನ ಮೇಲಿನ ಡಬ್ಬಿ, ಅಂದರೆ ಕೆಪಾಸಿಟರು ಬೇಕು. ಗುಂಯ್ ಅಂದು ತಿರುಗದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಕೆಪಾಸಿಟರಿನ ಮೇಲೆ. ಸ್ವಿಚ್ಚು ತೆಗೆದ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ, ಬರಿಗೈ ಹಾಕಬಾರದು. ಅಡಿಕೆ ಸುಲಿಯುವ ಯಂತ್ರದಲ್ಲಿ ವೇಗ ಬದಲಿಸುವುದು ಪುಲ್ಲಿ: ೧೪೪೦ ಸುತ್ತಿನ ಮೋಟಾರಿಗೆ ಮೂರು ಇಂಚು, ಯಂತ್ರಕ್ಕೆ ಒಂಬತ್ತು ಇಂಚು ಇದ್ದರೆ ಯಂತ್ರ ೪೮೦ ಸುತ್ತು ತಿರುಗುತ್ತದೆ. ಬೇಗ ಸುಲಿಯಲೆಂದು ಯಂತ್ರದ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಅಡಿಕೆಯೂ ಒಡೆಯುತ್ತದೆ, ಮೋಟಾರಿಗೂ ಹೊರೆ. ಬೆಲ್ಟಿನ ಮೇಲಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆದಿಡಬೇಡಿರಿ. ಯಂತ್ರದ ಎದುರು ಕೂರುವವರು ಹೆಚ್ಚಾಗಿ ಹೆಂಗಸರು. ಸೆರಗು, ಜಡೆ ಸಿಕ್ಕಿದರೆ ಬೆಲ್ಟು ಬಿಡುವುದಿಲ್ಲ.

ಮಳೆಗಾಲದ ಮಾತಿಗೆ ಬರುತ್ತೇನೆ. ನಮ್ಮ ಕಡೆ ಜೂನಿನಿಂದ ಐದಾರು ತಿಂಗಳು ಮೋಟಾರಿಗೆ ಕೆಲಸವಿಲ್ಲ. ಘಟ್ಟದ ಬುಡದ ಆ ಥಂಡಿಯಲ್ಲಿ ಸುರುಳಿ ನೀರಿನ ಪಸೆ ಕುಡಿಯುತ್ತದೆ. ಸ್ಟಾರ್ಟರಿನೊಳಗೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ. ಡಿಸೆಂಬರಿನಲ್ಲಿ ಹೋಗಿ ಒಮ್ಮೆಗೇ ಗುಂಡಿ ಒತ್ತಿದರೆ ಸುಡುವ ಮೋಟಾರುಗಳು ಕಡಿಮೆಯಲ್ಲ. ಮೊದಲು ಮೇನ್ ತೆಗೆದು ಪೆಟ್ಟಿಗೆ ಗುಡಿಸಿರಿ. ಎಲೆಕ್ಟ್ರಿಶಿಯನ್ನರಲ್ಲಿ ಮೆಗ್ಗರ್ ಎಂಬ ಸಾಧನವಿರುತ್ತದೆ, ಅದರಿಂದ ಸುರುಳಿಯ ನಿರೋಧ ಅಳೆಸಿರಿ. ಒಂದು ಮೆಗಓಮಿಗಿಂತ ಕಡಿಮೆ ತೋರಿಸಿದರೆ ಮೋಟಾರನ್ನು ಬಿಸಿಲಿಗಿಟ್ಟು, ಅಥವಾ ಬಿಸಿಯಾಗುವ ಹಳೆಯ ಬಗೆಯ ನೂರು ಕ್ಯಾಂಡಲಿನ ಬಲ್ಬನ್ನು ಹತ್ತಿರವಿಟ್ಟು ಗೋಣಿ ಮುಚ್ಚಿ, ಒಂದೆರಡು ದಿನ ಒಣಗಿಸಿ ಮತ್ತೆ ಅಳೆಯಬೇಕು. ಗೋಣಿ ಬಲ್ಬಿಗೆ ತಾಗದಿರಲಿ. ಒಬ್ಬರು ಅಡುಗೆಮನೆಯ ಹೊಗೆಯಟ್ಟದಲ್ಲಿ ಇಟ್ಟು ಒಣಗಿಸಿದ್ದರು; ಮೋಟಾರು ಒಣಗಿತು, ಬೇರಿಂಗಿನ ಗ್ರೀಸು ಕರಗಿ ಅನ್ನದ ಚರಿಗೆಗೆ ಇಳಿಯಿತಂತೆ! ನೀರಿನೊಳಗಿರುವ ಸಬ್‌ಮರ್ಸಿಬಲ್ ಪಂಪಿಗೆ ಈ ಉಪಚಾರ ಬೇಡ. ಅದನ್ನು ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಓಡಿಸಿದರೆ ಹಿಡಿದುಕೊಳ್ಳುವುದಿಲ್ಲ. ಗುಡುಗು ಮಿಂಚಿರುವಾಗ ಮಾತ್ರ ಯಾವ ಮೋಟಾರಿನ ಮೇನೂ ಹಾಕಿರಬಾರದು.

ಸೌರಶಕ್ತಿಯ ಪ್ರಶ್ನೆ ಅಮಾಸೆಬೈಲಿನಲ್ಲಿ ಕೇಳದವರಿಲ್ಲ. ೨೦೧೦ರ ದಶಕದಲ್ಲಿ ದಿವಂಗತ ಎ. ಜಿ. ಕೊಡ್ಗಿಯವರು ಮುಂದೆ ನಿಂತು ಊರಿನ ಮನೆಮನೆಗೆ ಸೌರದೀಪ ಬರುವಂತೆ ಮಾಡಿದರು. ಆ ಹಲಗೆಯಿಂದ ಪಂಪು ಓಡೀತೇ ಎಂದು ಕೇಳುತ್ತಾರೆ. ಓಡುವುದಿಲ್ಲ, ಒಂದು ಅಶ್ವಶಕ್ತಿ ಎಂದರೆ ೭೪೬ ವಾಟು, ದೀಪಕ್ಕೆ ಬೇಕಾದದ್ದು ಕೆಲವೇ ವಾಟು. ಸೌರಪಂಪಿಗೆ ಬೇರೆಯೇ ದೊಡ್ಡ ಹಲಗೆಗಳು, ಜೊತೆಗೊಂದು ಕಂಟ್ರೋಲರು ಇರುತ್ತದೆ. ಬಿಸಿಲೇರಿದಂತೆ ಅದು ಮೋಟಾರಿನ ವೇಗ ಏರಿಸುತ್ತದೆ, ಮೋಡ ಬಂದರೆ ಇಳಿಸುತ್ತದೆ. ನಿಧಾನವಾಗಿ ಹೊರಡಿಸುವ ಕಾರಣ ಮೋಟಾರಿಗೆ ಪೆಟ್ಟಿಲ್ಲ. ಕೇಂದ್ರ ಸರಕಾರದ ಕುಸುಮ್ ಯೋಜನೆ ೨೦೧೯ರಲ್ಲಿ ಬಂದದ್ದು ಇದಕ್ಕೇ.

ಕೊನೆಯದಾಗಿ ಅರ್ಥಿಂಗ್. ಮೇಲೆ ಹೇಳಿದ ಕಾವಲುಗಳೆಲ್ಲ ಮೋಟಾರಿಗೆ, ಇದು ನಿಮಗೆ. ಸುರುಳಿಯ ಲೇಪ ಹೋಗಿ ವಿದ್ಯುತ್ತು ಮೋಟಾರಿನ ಮೈಗೆ ಬಂದರೆ, ಒದ್ದೆ ಕಾಲಲ್ಲಿ ನಿಂತು ಅದನ್ನು ಮುಟ್ಟಿದವರ ಮೈಯಿಂದಲೇ ನೆಲಕ್ಕೆ ಇಳಿಯುತ್ತದೆ. ಅದಕ್ಕೆ ದಪ್ಪ ತಂತಿಯ ಬೇರೆ ದಾರಿ ಮಾಡಿಕೊಡಬೇಕು. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ಒಣಗಿದ ಗುಂಡಿಯಿಂದ ಪ್ರಯೋಜನವಿಲ್ಲ. ಜೊತೆಗೆ ೩೦ ಮಿಲಿ ಆಂಪಿಯರ್ ಸೋರಿದರೂ ಬೀಳುವ ಸ್ವಿಚ್ಚು ಸಿಗುತ್ತದೆ. ಮನೆಯ ಪಂಪಿಗಾದರೂ ಹಾಕಿಸಿರಿ. ಯಾರಾದರೂ ಕರೆಂಟಿಗೆ ಸಿಕ್ಕಿದರೆ ಅವರನ್ನು ಕೈಯಿಂದ ಎಳೆಯಲು ಹೋಗಬಾರದು. ಮೊದಲು ಮೇನ್, ಅದು ದೂರವಿದ್ದರೆ ಒಣಗಿದ ಕೋಲು.

ನಾನು ಹೇಳಿದ ಆ ಮನೆಗೆ ಮೋಟಾರು ಹನ್ನೊಂದನೆಯ ದಿನ ಮರಳಿತು. ಅಷ್ಟರಲ್ಲಿ ಕೆಲವು ಸಸಿ ಹೋದುವು, ದೊಡ್ಡ ಮರಗಳಲ್ಲಿ ನಳ್ಳಿ ಇನ್ನಷ್ಟು ಉದುರಿತು. ಹೊಸ ಪ್ರಿವೆಂಟರು ಹಾಕಿಸಿದ್ದಾರೆ, ರಿಲೇಯ ಮುಳ್ಳು ಏಳೂವರೆಯಲ್ಲಿದೆ. ಮೊನ್ನೆ ಆ ದಾರಿಯಾಗಿ ಹೋದಾಗ ಸ್ಟಾರ್ಟರಿನ ಆಂಪಿಯರ್ ಮಾಪಕದ ಗಾಜಿನ ಮೇಲೆ, ಏಳೂವರೆಯ ನೇರಕ್ಕೆ, ಕೆಂಪು ಗೆರೆಯೊಂದು ಕಂಡಿತು. ಮೊಮ್ಮಗಳ ಉಗುರುಬಣ್ಣವಂತೆ. ಸೂಜಿ ಆ ಗೆರೆ ದಾಟಿದರೆ ಅಜ್ಜಿ ಯಾರನ್ನೂ ಕೇಳದೆ ಸ್ವಿಚ್ಚು ತೆಗೆಯುತ್ತಾರೆ.